ಏಣಿಯನ್ನು ಬೆಂಚಿಗೆ ಕೂರಿಸಿದ ಲ್ಯಾಬಕ್ಕ

ಮಹಿಳಾ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಅಟೆಂಡರ್ ಆಗಿದ್ದವಳನ್ನು ಎಲ್ಲರೂ ಲ್ಯಾಬಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಪ್ರಿನ್ಸಿಪಾಲರೂ ಅಕ್ಕ ಎನ್ನುತ್ತಿದ್ದರು. ಅವಳೂ ಬೇಡವೆನ್ನಲಿಲ್ಲ. ಆಸಿಡ್ ಬಾಟಲಿಗಳಿಗೆ ಚೀಟಿ ಅಂಟಿಸುವುದು, ಹುಡುಗಿಯರು ಒಡೆದ ಗಾಜು ಗುಡಿಸುವುದು, ಲೆಕ್ಚರರುಗಳು ಕೀಲಿ ಎಲ್ಲಿ ಮರೆತಿದ್ದಾರೆಂದು ಅವರಿಗೇ ನೆನಪಿಸುವುದು ಅವಳ ಕೆಲಸ. ಮೂರನೆಯದಕ್ಕೇ ದಿನದ ಅರ್ಧ ಹೋಗುತ್ತಿತ್ತು.

ಬ್ಯಾಸ್ಕೆಟ್‌ಬಾಲಿಗೆ ಅವಳು ಬಂದದ್ದು ಕೈಬರಹದ ದೆಸೆಯಿಂದ. ಹನ್ನೊಂದು ವರ್ಷದ ಹಿಂದೆ ಕಾಲೇಜಿನಲ್ಲೊಂದು ಪಂದ್ಯ ನಡೆದಾಗ, ಅಂಕಪಟ್ಟಿ ಬರೆಯುತ್ತಿದ್ದ ಅರ್ಥಶಾಸ್ತ್ರದ ಮೇಷ್ಟ್ರು ಅದರ ಮೇಲೆ ಇಡೀ ಲೋಟ ಚಹಾ ಚೆಲ್ಲಿಕೊಂಡರು. ಆಗ ಪಕ್ಕದಲ್ಲೇ ಗಾಜಿನ ಕೊಳವೆಗಳ ತಟ್ಟೆ ಹಿಡಿದುಕೊಂಡು ಹಾದುಹೋಗುತ್ತಿದ್ದವಳನ್ನು ಯಾರೋ ಕೂಗಿದರು: "ಲ್ಯಾಬಕ್ಕ, ನಿಮ್ಮ ಅಕ್ಷರ ಮುತ್ತಿನಂಗಿದೆ, ಬನ್ನಿ, ಇದನ್ನ ನಕಲು ಮಾಡಿಕೊಡಿ." ನಕಲು ಮಾಡಲು ಕೂತವಳು ಎದ್ದದ್ದು ಪಂದ್ಯ ಮುಗಿದ ಮೇಲೆ. ಅವತ್ತಿನಿಂದ ಆ ಕುರ್ಚಿ ಅವಳದೇ ಆಯಿತು.

ಹಾಗಾಗಿ ಅವಳು ಆಟವನ್ನು ಕಲಿತದ್ದು ಉಲ್ಟಾ. ಬೇರೆಯವರು ಆಟ ನೋಡಿ ಅಂಕ ತಿಳಿಯುತ್ತಾರೆ. ಇವಳು ಎರಡು ವರ್ಷ ಬರೀ ಅಂಕ ಬರೆದು, ಆಮೇಲೆ ಒಂದು ದಿನ ತಲೆ ಎತ್ತಿ, ಓಹೋ, ಈ ಗದ್ದಲವೆಲ್ಲ ಇದಕ್ಕಾಗಿಯೋ ಎಂದುಕೊಂಡಳು. ತಲೆ ಎತ್ತಿದ ಮೇಲೆ ಅಂಕಪಟ್ಟಿಯಲ್ಲಿಲ್ಲದ ಸಂಗತಿಗಳೂ ಕಾಣತೊಡಗಿದವು. ಅವನ್ನು ಬರೆದಿಡಲು ಲ್ಯಾಬಿನ ಹಳೆಯ ಪ್ರಾಕ್ಟಿಕಲ್ ನೋಟ್‌ಬುಕ್ ಒಂದನ್ನು ಎತ್ತಿಟ್ಟುಕೊಂಡಳು. ಯಾವ ಹೊತ್ತಿನಲ್ಲಿ ಅಂಗಳದಲ್ಲಿ ಯಾವ ಐದು ಜನ ಇದ್ದರು, ಆಗ ಎಷ್ಟು ಅಂಕ ಬಂತು, ಇಷ್ಟೇ. ಯಾರೂ ಕೇಳಿರಲಿಲ್ಲ. ಅವಳಿಗೆ ಚೀಟಿ ಅಂಟಿಸದೆ ಯಾವುದನ್ನೂ ಇಟ್ಟು ಅಭ್ಯಾಸವಿರಲಿಲ್ಲ, ಅದಕ್ಕೇ ಬರೆದಳು.

ತಂಡದ ಕೋಚ್ ಸೀಟಿ ಸರ್. ಕೊರಳಲ್ಲಿ ಸದಾ ಸೀಟಿ. ಸಿಬ್ಬಂದಿ ಸಭೆಗೂ ಅದನ್ನು ಹಾಕಿಕೊಂಡೇ ಬರುತ್ತಿದ್ದರು, ಕನ್ನಡಿ ಮುಂದೆ ಕ್ಷೌರ ಮಾಡಿಕೊಳ್ಳುವಾಗಲೂ ಬಿಚ್ಚುವುದಿಲ್ಲವೆಂದು ಅವರ ಹೆಂಡತಿಯೇ ಹೇಳಿದ್ದುಂಟು. ಪ್ರಾಯದಲ್ಲಿ ತಾವು ಭಾರೀ ಆಟಗಾರ ಎನ್ನುತ್ತಿದ್ದರು. ನೋಡಿದವರು ಯಾರೂ ಸಿಕ್ಕಿರಲಿಲ್ಲ, ಅಲ್ಲವೆನ್ನುವವರೂ ಸಿಕ್ಕಿರಲಿಲ್ಲ. ಅವರ ಸಿದ್ಧಾಂತ ಒಂದೇ ಸಾಲಿನದು. "ಉದ್ದ ಇರೋರನ್ನ ರಿಂಗ್ ಕೆಳಗೆ ನಿಲ್ಸಿ, ಚೆಂಡು ಮೇಲಕ್ಕೆ ಎಸೀರಿ. ಮಿಕ್ಕಿದ್ದು ತಾನಾಗೇ ಆಗುತ್ತೆ."

ಆ ವರ್ಷ ಅವರ ಅದೃಷ್ಟ ಖುಲಾಯಿಸಿತು. ಉದ್ದದವರು ಒಬ್ಬರಲ್ಲ, ಇಬ್ಬರು ಸಿಕ್ಕರು. ಒಬ್ಬಳು ಕಪಾಟು. ಆರಡಿ, ಅಗಲ ಭುಜ, ನಿಂತಲ್ಲಿಂದ ಕದಲಿಸಲು ಮೂವರು ಬೇಕು. ಇನ್ನೊಬ್ಬಳು ಏಣಿ. ಆರಡಿ ಒಂದಿಂಚು, ಗಾಳಿ ಬಂದರೆ ಓಲಾಡುವ ಮೈಕಟ್ಟು. ಏಣಿ ಬೇರೆ ಯಾರೂ ಅಲ್ಲ, ಲ್ಯಾಬಕ್ಕನ ಒಡಹುಟ್ಟಿದ ತಂಗಿಯ ಮಗಳು. ಓದಲೆಂದು ಬೇರೆ ಊರಿನಿಂದ ಬಂದು ದೊಡ್ಡಮ್ಮನ ಮನೆಯಲ್ಲೇ ಇದ್ದಳು. ಮಗಳು ಪಿಯುಸಿಯಲ್ಲಿ ಬಾಗಿಲಿಗೆ ತಲೆ ಬಡಿಸಿಕೊಂಡ ದಿನವೇ ತಂಗಿ ನಿರ್ಧರಿಸಿಬಿಟ್ಟಿದ್ದಳು, ಈ ಎತ್ತರ ಸುಮ್ಮನೆ ಹಾಳಾಗಬಾರದೆಂದು.

ಸೀಟಿ ಸರ್ ಕಪಾಟನ್ನು ಸೆಂಟರ್ ಎಂದೂ ಏಣಿಯನ್ನು ಫಾರ್ವರ್ಡ್ ಎಂದೂ ಕರೆದು, ಇಬ್ಬರನ್ನೂ ರಿಂಗಿನ ಎಡಬಲಕ್ಕೆ ದ್ವಾರಪಾಲಕರ ಹಾಗೆ ನಿಲ್ಲಿಸಿದರು. ನೋಡಲು ಭರ್ಜರಿಯಾಗಿತ್ತು. ಎದುರಾಳಿಗಳು ವಾರ್ಮಪ್ಪಿನಲ್ಲೇ ಬೆವರುತ್ತಿದ್ದರು. ಆಟ ಶುರುವಾಗಿ ಐದು ನಿಮಿಷಕ್ಕೆ ಆ ಬೆವರು ಆರುತ್ತಿತ್ತು. ಲೀಗಿನ ಮೊದಲ ನಾಲ್ಕು ಪಂದ್ಯದಲ್ಲಿ ಮೂರು ಸೋತರು.

ನೋಟ್‌ಬುಕ್ ತೆಗೆದು ಲ್ಯಾಬಕ್ಕ ಕೂಡಿ ಕಳೆದು ನೋಡಿದಳು. ಕಪಾಟು, ಏಣಿ ಇಬ್ಬರೂ ಅಂಗಳದಲ್ಲಿದ್ದಾಗ ಹತ್ತು ನಿಮಿಷಕ್ಕೆ ಒಂಬತ್ತು ಅಂಕ. ಯಾರಾದರೊಬ್ಬರು ಫೌಲ್ ಮಾಡಿ ಹೊರಗೆ ಕೂತಾಗ ಹದಿನಾರು. ಮೊದಲು ತನ್ನದೇ ತಪ್ಪೆಂದುಕೊಂಡಳು. ಎರಡು ಸಲ, ಮೂರು ಸಲ ಕೂಡಿಸಿದಳು. ಒಂಬತ್ತು ಹತ್ತಾಗಲಿಲ್ಲ.

ಕಾರಣ ಹೊಳೆದದ್ದು ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ. ಆ ಅಡುಗೆಮನೆ ಕಟ್ಟಿದವನು ಯಾರೋ ಒಂಟಿ ಮನುಷ್ಯ ಇರಬೇಕು. ಒಬ್ಬರು ತಿರುಗಿದರೆ ಸರಿ, ಇಬ್ಬರಾದರೆ ಮೊಣಕೈ. ಲ್ಯಾಬಕ್ಕ ಒಲೆಯ ಮುಂದಿದ್ದಾಗ ಏಣಿ ನೀರಿಗೆಂದು ಬಂದಳು. ಅವಳ ಹಿಂದೆ ಶೇವಿಂಗಿಗೆ ಬಿಸಿನೀರು ಕೇಳಿಕೊಂಡು, ಲಿಫ್ಟ್ ರಿಪೇರಿ ಕೆಲಸದ ದೊಡ್ಡಪ್ಪ, ಅಂದರೆ ಲ್ಯಾಬಕ್ಕನ ಗಂಡ, ಬಂದ. ಮೂವರೂ ಸಿಕ್ಕಿಹಾಕಿಕೊಂಡರು. ಹಾಲು ಉಕ್ಕಿತು, ಆರಿಸಲು ಯಾರ ಕೈಯೂ ಒಲೆಗೆ ಎಟುಕಲಿಲ್ಲ.

"ಇದೇ ಕಣೇ!" ಎಂದಳು ಲ್ಯಾಬಕ್ಕ, ಹಾಲು ಸುರಿಯುತ್ತಿದ್ದರೂ.

"ಏನು ಇದೇ? ದೊಡ್ಡಮ್ಮ, ಗ್ಯಾಸ್ ಆರ್ಸು!"

ರಿಂಗಿನ ಕೆಳಗೆ ಇಬ್ಬರು ನಿಂತರೆ ಇಬ್ಬರೇ ಇರುವುದಿಲ್ಲ. ಅವರನ್ನು ಕಾಯಲು ಎದುರಾಳಿಗಳಲ್ಲೂ ಇಬ್ಬರು ಉದ್ದದವರು ಬಂದು ನಿಲ್ಲುತ್ತಾರೆ. ನಾಲ್ಕು ಜನ, ಎಂಟು ಮೊಣಕೈ. ಚೆಂಡು ಹಿಡಿದು ಒಳಗೆ ನುಗ್ಗಿದ ಚಿಕ್ಕ ಹುಡುಗಿ ಗೋಡೆಗೆ ಬಡಿದಂತೆ ಬಡಿದು ವಾಪಸು ಬರುತ್ತಾಳೆ. ಇಬ್ಬರಲ್ಲಿ ಒಬ್ಬಳು ದೂರದ ಮೂಲೆಗೆ ಹೋಗಿ ನಿಂತು, ಅಲ್ಲಿಂದ ಎಸೆಯಬಲ್ಲವಳಾಗಿದ್ದರೆ, ಅವಳನ್ನು ಕಾಯುವವಳೂ ಹಿಂದೆಯೇ ಹೋಗಬೇಕು. ಆಗ ಒಳಗೆ ಗಾಳಿಯಾಡುತ್ತದೆ. ಚೆನ್ನಾಗಿ ಎಸೆಯುವವಳೊಬ್ಬಳು ತಂಡದಲ್ಲಿ ಇದ್ದಳು ಕೂಡ. ಗಣಿತ ಓದುತ್ತಿದ್ದ ಆ ಹುಡುಗಿಯನ್ನು ಕನ್ನಡಕ ಎನ್ನುತ್ತಿದ್ದರು. ಚೆಂಡು ಹಿಡಿದು ಓಡುವ ಗಾರ್ಡ್ ಆಗಲು ನಿಧಾನ, ಫಾರ್ವರ್ಡ್ ಆಗಲು ಗಿಡ್ಡ ಎಂದು ಸೀಟಿ ಸರ್ ಅವಳನ್ನು ನೀರಿನ ಬಾಟಲಿ ಕಾಯಲು ಇಟ್ಟಿದ್ದರು.

ಲ್ಯಾಬಕ್ಕ ನೋಟ್‌ಬುಕ್ ಹಿಡಿದು ಕ್ರೀಡಾ ಕೊಠಡಿಗೆ ಹೋದಳು. ಸೀಟಿ ಸರ್ ಪುಟ ತಿರುವಿ ನೋಡಿದರು, ಮೂಸಿಯೂ ನೋಡಿದರು.

"ಏನಿದು, ಗಂಧಕದ ವಾಸನೆ?"

"ಹಳೇ ಪ್ರಾಕ್ಟಿಕಲ್ ಬುಕ್ಕು ಸರ್. ಕೊನೇ ಪುಟ ನೋಡಿ. ಏಣಿ ಜಾಗಕ್ಕೆ ಕನ್ನಡಕನ್ನ ಹಾಕಿ, ಮೂಲೇಲಿ ನಿಲ್ಸಿದ್ರೆ..."

"ಐದಡಿ ಐದಿಂಚು ಫಾರ್ವರ್ಡಾ?" ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಲ್ಯಾಬಕ್ಕ, ನಾನು ಬಂದು ನಿಮ್ಮ ಆಸಿಡ್‌ಗೆ ನೀರು ಬೆರೆಸ್ತೀನಾ?"

"ಬೆರೆಸ್ಬೇಡಿ ಸರ್, ಸಿಡಿಯುತ್ತೆ," ಎಂದು ಅವಳು ನೋಟ್‌ಬುಕ್ ತೆಗೆದುಕೊಂಡು ವಾಪಸು ಬಂದಳು. ಹೇಳುವುದನ್ನು ಹೇಳಿದ್ದಾಯಿತು. ಅದಕ್ಕಿಂತ ಹೆಚ್ಚು ಜಗ್ಗಾಡಲು ಅವಳಿಗೂ ಮನಸ್ಸಿರಲಿಲ್ಲ. ಕೂರಬೇಕಾದವಳು ತನ್ನ ಮನೆಯ ಹುಡುಗಿಯೇ ಅಲ್ಲವೇ.

ಐದನೆಯ ಪಂದ್ಯ ಬೇರೆ ಕಾಲೇಜಿನಲ್ಲಿತ್ತು. ಹೊರಗಿನ ಪಂದ್ಯಗಳಿಗೆ ಹುಡುಗಿಯರ ಜೊತೆ ಹೆಂಗಸೊಬ್ಬರು ಹೋಗಬೇಕೆಂಬ ನಿಯಮವಿದ್ದುದರಿಂದ ಲ್ಯಾಬಕ್ಕನನ್ನೇ ಕಳಿಸುತ್ತಿದ್ದರು. ಸುಮ್ಮನೆ ಬೆಂಚಿನ ಮೇಲೆ ಕೂರಲು ಬಿಡುವುದಿಲ್ಲವಾದ್ದರಿಂದ ಅವಳನ್ನು ಸಹಾಯಕ ಕೋಚ್ ಎಂದು ಪಟ್ಟಿಯಲ್ಲಿ ಬರೆಸುತ್ತಿದ್ದರು. ಅವಳು ಮಾಡುತ್ತಿದ್ದ ಸಹಾಯವೆಂದರೆ ಎಲ್ಲರ ಗಡಿಯಾರ, ಓಲೆ, ಫೋನು ತನ್ನ ಚೀಲದಲ್ಲಿಟ್ಟುಕೊಳ್ಳುವುದು.

ಅವತ್ತು ತಂಡ ಎಂದಿನಂತೆ ಒದ್ದಾಡುತ್ತಿತ್ತು. ಎರಡನೆಯ ಕ್ವಾರ್ಟರಿನಲ್ಲಿ ಎದುರಾಳಿಯೊಬ್ಬಳು ಚೆಂಡು ಕಸಿದುಕೊಂಡು ಒಬ್ಬಳೇ ರಿಂಗಿನತ್ತ ಓಡಿದಾಗ ಸೀಟಿ ಸರ್‌ಗೆ ತಡೆಯಲಾಗಲಿಲ್ಲ. ಬೆಂಚಿನಿಂದಲೇ ತಮ್ಮ ಸೀಟಿ ಊದಿಬಿಟ್ಟರು. ಅಂಗಳದಲ್ಲಿದ್ದ ಹತ್ತೂ ಜನ ಕಲ್ಲಾಗಿ ನಿಂತರು. ಅಂಪೈರ್ ತನ್ನ ಬಾಯಲ್ಲಿದ್ದ ಸೀಟಿಯನ್ನು ತೆಗೆದು ನೋಡಿ, ಇದು ತಾನು ಊದಿದ್ದಲ್ಲ ಎಂದು ಖಾತ್ರಿ ಮಾಡಿಕೊಂಡು, ಸರ್‌ಗೆ ಟೆಕ್ನಿಕಲ್ ಫೌಲ್ ಕೊಟ್ಟ.

"ಅಭ್ಯಾಸ ಬಲ, ಕ್ಷಮಿಸಿ," ಎಂದರು ಸರ್.

ಕ್ವಾರ್ಟರ್ ಮುಗಿಯಲು ಅರ್ಧ ನಿಮಿಷವಿದ್ದಾಗ ಅಭ್ಯಾಸ ಬಲ ಇನ್ನೊಮ್ಮೆ ಕೆಲಸ ಮಾಡಿತು. ಎರಡನೆಯ ಟೆಕ್ನಿಕಲ್ ಬಿತ್ತೆಂದರೆ ಕೋಚ್ ಹಾಲ್ ಬಿಟ್ಟು ಹೊರಗೆ. ಸರ್ ತಲೆ ತಗ್ಗಿಸಿಕೊಂಡು ಹೋದರು. ಬಾಗಿಲಲ್ಲಿದ್ದವರು ಅವರ ಸೀಟಿಯನ್ನೂ ಕಿತ್ತುಕೊಂಡರು. ಲ್ಯಾಬಕ್ಕನಿಗೆ ನಗು ಬಂತು, ಆದರೆ ಅಂಪೈರ್ ನೇರ ಅವಳತ್ತ ನಡೆದು ಬಂದಾಗ ನಗು ನಿಂತಿತು.

"ಸಹಾಯಕ ಕೋಚ್ ನೀವೇ ತಾನೇ? ಮುಂದಕ್ಕೆ ನೀವೇ ನೋಡ್ಕೊಳ್ಳಿ."

"ನಾನು ಕೆಮಿಸ್ಟ್ರಿ," ಎಂದಳು ಲ್ಯಾಬಕ್ಕ.

"ಅರ್ಧ ನಿಮಿಷ ಆದ್ಮೇಲೆ ಹತ್ತು ನಿಮಿಷ ಬ್ರೇಕ್ ಇದೆ," ಎಂದು ಆತ ಹೋದ.

ಬ್ರೇಕಿನ ಹೊತ್ತಿಗೆ ಸ್ಕೋರು ಹದಿನೇಳು, ಮೂವತ್ತೊಂದು. ಹೆಗಲ ಮೇಲೆ ಹನ್ನೆರಡು ಹುಡುಗಿಯರ ಓಲೆ ತುಂಬಿದ ಚೀಲ ಹಾಕಿಕೊಂಡು ಅವಳು ನಿಂತಳು. ಹುಡುಗಿಯರು ಸುತ್ತ ಸೇರಿ ಬಾಯಿ ನೋಡಿದರು. ಏಣಿಯ ಮುಖ ನೋಡಿದರೆ ಬಾಯಿ ಬರುವುದಿಲ್ಲವೆಂದು ಅವಳ ಶೂ ನೋಡಿಕೊಂಡು ಮಾತಾಡಿದಳು.

"ಏಣಿ, ನೀನು ಕೂತ್ಕೋ. ಕನ್ನಡಕ, ಏಳು."

"ನಾನಾ?" ಎಂದರು ಇಬ್ಬರೂ ಒಟ್ಟಿಗೆ.

"ಲ್ಯಾಬಕ್ಕ, ನಂಗೆ ಒಳಗೆ ಹೋಗೋಕೆ ಭಯ," ಎಂದಳು ಕನ್ನಡಕ. "ಅಲ್ಲಿ ಎಲ್ರೂ ಗುದ್ದುತಾರೆ."

"ಒಳಗೆ ಹೋಗು ಅಂತ ಯಾರಂದ್ರು? ಮೂಲೇಲಿ ನಿಂತ್ಕೋ. ಚೆಂಡು ಬಂದ್ರೆ ಎಸಿ. ಬರ್ಲಿಲ್ಲ ಅಂದ್ರೆ ಸುಮ್ನೆ ನಿಂತ್ಕೋ. ಕಪಾಟು, ರಿಂಗ್ ಕೆಳಗೆ ಇನ್ನು ನೀನೊಬ್ಳೇ. ಮನೆ ನಿಂದೇ ಅಂದ್ಕೋ."

"ದೊಡ್ಡಮ್ಮ, ನಾನೇನ್ ತಪ್ಪು ಮಾಡ್ದೆ?" ಏಣಿಯ ದನಿ ನಡುಗಿತು.

"ತಪ್ಪೇನಿಲ್ಲ. ಜಾಗ ಇಲ್ಲ," ಎಂದಳು ಲ್ಯಾಬಕ್ಕ. ಅಷ್ಟು ಕೆಟ್ಟದಾಗಿ ಹೇಳಬೇಕೆಂದಿರಲಿಲ್ಲ, ಬಾಯಿಂದ ಹಾಗೇ ಬಂತು.

ಕನ್ನಡಕದ ಮೊದಲ ಎಸೆತ ರಿಂಗಿನ ಅಂಚಿಗೆ ಬಡಿಯಿತು. ಎರಡನೆಯದು ಯಾವುದಕ್ಕೂ ಬಡಿಯಲಿಲ್ಲ, ಫೋಟೋ ತೆಗೆಯುತ್ತಿದ್ದವನ ಹತ್ತಿರ ಬಿತ್ತು. ಪ್ರೇಕ್ಷಕರು ಚಪ್ಪಾಳೆ ತಟ್ಟಿ ನಕ್ಕರು. ಅವಳನ್ನು ಕಾಯಬೇಕಾದ ಎದುರಾಳಿ ಅವಳತ್ತ ಬೆನ್ನು ಹಾಕಿ ಕಪಾಟಿನ ಮೈಮೇಲೆ ಬಿದ್ದಳು. ಹಾಲ್‌ನ ಕಿಟಕಿಯಲ್ಲಿ ಸೀಟಿ ಸರ್ ಮುಖ ಕಾಣಿಸಿತು. ಗಾಜಿಗೆ ಮೂಗು ಒತ್ತಿಕೊಂಡು ಐದು ಬೆರಳು ತೋರಿಸುತ್ತಿದ್ದರು. ಐದು ನಿಮಿಷವೋ, ಐದನೆಯ ನಂಬರಿನ ಹುಡುಗಿಯೋ, ಆಶೀರ್ವಾದವೋ ಯಾರಿಗೂ ತಿಳಿಯಲಿಲ್ಲ. ಮನೆಯ ಹುಡುಗಿಯನ್ನೂ ಅಳಿಸಿದೆ, ಪಂದ್ಯವನ್ನೂ ಕಳೆದೆ, ನನಗೇಕೆ ಬೇಕಿತ್ತು ಈ ಉಸಾಬರಿ ಎಂದುಕೊಂಡಳು ಲ್ಯಾಬಕ್ಕ.

ಮೂರನೆಯದು ಒಳಗೆ ಬಿತ್ತು. ಮೂರು ಅಂಕ. ನಾಲ್ಕನೆಯದೂ ಬಿತ್ತು. ಐದನೆಯ ಸಲ ಚೆಂಡು ಕನ್ನಡಕದ ಕೈಗೆ ಬಂದಾಗ ಎದುರಾಳಿ ಕೋಚ್ ಗಂಟಲು ಹರಿಯುವಂತೆ ಕಿರುಚಿದ, ಬೆನ್ನು ಹಾಕಿದ್ದ ಉದ್ದದ ಹುಡುಗಿ ಮೂಲೆಗೆ ಓಡಿ ಬಂದಳು. ಕನ್ನಡಕ ಹೆದರಿ ಚೆಂಡನ್ನು ಕಪಾಟಿಗೆ ಎಸೆದುಬಿಟ್ಟಳು. ಕಪಾಟಿನ ಸುತ್ತ ಆ ವರ್ಷದಲ್ಲೇ ಮೊದಲ ಬಾರಿಗೆ ಒಬ್ಬಳೇ ಒಬ್ಬಳು ಕಾವಲಿದ್ದಳು. ಕಪಾಟು ಒಮ್ಮೆ ತಿರುಗಿದಳು, ಕಾವಲಿನವಳು ಸರಿದು ಬಿದ್ದಳು, ಚೆಂಡು ಒಳಗೆ ಹೋಯಿತು. ಆಮೇಲೆ ಚಿಕ್ಕ ಗಾರ್ಡುಗಳಿಗೂ ದಾರಿ ಕಂಡಿತು. ಏಣಿ ಇಲ್ಲದ್ದರಿಂದ ಎದುರಾಳಿಗಳೂ ರಿಂಗಿನ ಕೆಳಗೆ ಮೂರು ನಾಲ್ಕು ಸುಲಭದ ಅಂಕ ಬಾಚಿಕೊಂಡರು ಎನ್ನುವುದೂ ನಿಜ. ಲ್ಯಾಬಕ್ಕ ಅದನ್ನೂ ಬರೆದುಕೊಂಡಳು. ಕೊನೆಗೆ ಐವತ್ತೆರಡು, ಐವತ್ತು. ಗೆದ್ದರು.

ಹೊರಗೆ ಸೀಟಿ ಸರ್ ಎಲ್ಲರ ಕೈ ಕುಲುಕಿದರು. "ಕಿಟಕಿಯಿಂದ ನಾನು ಸನ್ನೆ ಮಾಡಿದ್ದು ಇದನ್ನೇ. ಸದ್ಯ, ಲ್ಯಾಬಕ್ಕ ಅರ್ಥ ಮಾಡ್ಕೊಂಡ್ರು."

ಬಸ್ಸಿನಲ್ಲಿ ಏಣಿ ದೊಡ್ಡಮ್ಮನ ಪಕ್ಕ ಕೂರಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ತಂಗಿಯ ಫೋನು ಬಂದೇಬಿಟ್ಟಿತು.

"ಅಕ್ಕ, ನಿನ್ನ ಮಗಳೇ ಆಗಿದ್ರೆ ಹಿಂಗೆ ಮಾಡ್ತಿದ್ಯಾ?"

"ನನ್ನ ಮಗಳಾಗಿದ್ರೆ ಮೊದಲ್ನೇ ಕ್ವಾರ್ಟರಲ್ಲೇ ಕೂರಿಸ್ತಿದ್ದೆ."

"ಇದ್ದಿದ್ರೆ ಗೊತ್ತಾಗ್ತಿತ್ತು," ಎಂದು ತಂಗಿ ಫೋನಿಟ್ಟಳು.

ಲ್ಯಾಬಕ್ಕನಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ತಂಗಿ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಲ್ಯಾಬಕ್ಕ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೊಮ್ಮೆ ತೊಳೆದಳು.

ಐದು ದಿನ ಏಣಿ ಅವಳೊಂದಿಗೆ ಮಾತು ಬಿಟ್ಟಳು. ಎರಡು ಕೋಣೆಯ ಮನೆಯಲ್ಲಿ ಮಾತು ಬಿಡುವುದು ಸುಲಭದ ಕೆಲಸವಲ್ಲ, ಅದಕ್ಕೊಬ್ಬ ಮಧ್ಯಸ್ಥ ಬೇಕು.

"ದೊಡ್ಡಪ್ಪ, ನಿಮ್ಮ ಹೆಂಡತಿಗೆ ಉಪ್ಪು ಈ ಕಡೆ ತಳ್ಳೋಕೆ ಹೇಳಿ."

ದೊಡ್ಡಪ್ಪ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ತಾನೇ ಉಪ್ಪು ತಳ್ಳುತ್ತಿದ್ದ. ಮೇಲೆ ಕೆಳಗೆ ಓಡಾಡುವ ಲಿಫ್ಟಿನ ಸಹವಾಸದಲ್ಲಿ ಯಾರ ಪಕ್ಷವನ್ನೂ ವಹಿಸದಿರುವುದನ್ನು ಅವನು ಕಲಿತಿದ್ದ.

ಆರನೆಯ ದಿನ, ಭಾನುವಾರ ಮಧ್ಯಾಹ್ನ, ಏಣಿ ಬಂದು ಲ್ಯಾಬಕ್ಕನ ಮುಂದೆ ಕೈ ಚಾಚಿದಳು. "ಕೊಡು ಆ ನೋಟ್‌ಬುಕ್ಕು. ನಾನೂ ನೋಡ್ತೀನಿ."

ಅರ್ಧ ಗಂಟೆ ಪುಟ ತಿರುವಿದಳು. ಆಮೇಲೆ ಗುಬ್ಬಚ್ಚಿ ಹಿಡಿದ ಬೆಕ್ಕಿನ ಹಾಗೆ ಮುಖ ಅರಳಿತು.

"ದೊಡ್ಡಮ್ಮ! ಎರಡ್ನೇ ಮ್ಯಾಚಲ್ಲಿ ಕೊನೇ ನಾಲ್ಕು ನಿಮಿಷ ನಾನು ಆಡ್ತಿದ್ದೆ ಅಂತ ಬರ್ದಿದ್ದೀಯ. ಸುಳ್ಳು! ಶೂ ದಾರ ಕಿತ್ತೋಗಿತ್ತು, ನಾನು ಹೊರಗೆ ಕೂತಿದ್ದೆ."

ಲ್ಯಾಬಕ್ಕ ಬಗ್ಗಿ ನೋಡಿದಳು. ನಿಜವೇ. ಹನ್ನೊಂದು ವರ್ಷದಲ್ಲಿ ಅವಳ ಮೊದಲ ತಪ್ಪು.

"ನೋಡ್ದ್ಯಾ? ಎಲ್ಲಾ ಲೆಕ್ಕಾನೂ ಹಿಂಗೇ ಇರುತ್ತೆ," ಎಂದು ಏಣಿ ಪೆನ್ನು ತೆಗೆದುಕೊಂಡು ತಾನೇ ತಿದ್ದಲು ಕೂತಳು. ಬರೆಯುತ್ತಾ ಬರೆಯುತ್ತಾ ಅವಳ ಪೆನ್ನು ನಿಧಾನವಾಯಿತು. ಆ ನಾಲ್ಕು ನಿಮಿಷದಲ್ಲಿ ತಂಡ ಹನ್ನೊಂದು ಅಂಕ ಹೊಡೆದಿತ್ತು. ಏಣಿ ಇದ್ದಾಗಿನ ಸಾಲಿನಿಂದ ಅದನ್ನು ತೆಗೆದು ಏಣಿ ಇಲ್ಲದಾಗಿನ ಸಾಲಿಗೆ ಸೇರಿಸಬೇಕಾಯಿತು. ಒಂಬತ್ತಿದ್ದದ್ದು ಎಂಟಕ್ಕಿಳಿಯಿತು, ಹದಿನಾರಿದ್ದದ್ದು ಹದಿನೇಳಕ್ಕೇರಿತು.

ಪೇಪರಿನ ಹಿಂದೆ ಕೂತಿದ್ದ ದೊಡ್ಡಪ್ಪ ಮೊದಲು ಕಿಸಕ್ಕೆಂದ. ಆಮೇಲೆ ಏಣಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಸ್ವಲ್ಪ ಅಳುವೂ ಇತ್ತೆಂದು ಲ್ಯಾಬಕ್ಕನಿಗೆ ಗೊತ್ತಾಯಿತು. ಅವಳು ಹುಡುಗಿಯ ಬೆನ್ನು ಸವರಿದಳು. ಬೆನ್ನು ಉದ್ದವಿತ್ತು, ಸವರಲು ಹೊತ್ತು ಹಿಡಿಯಿತು.

"ಹಂಗಾದ್ರೆ ನಾನೇನ್ ಮಾಡ್ಲಿ ಈಗ?"

"ಹೊರಗಿಂದ ಎಸೆಯೋದು ಕಲಿ. ನಿನ್ನಷ್ಟು ಉದ್ದದವಳು ಮೂಲೇಲಿ ನಿಂತು ಎಸೆದ್ರೆ, ತಡೆಯೋಕೆ ಅವರು ಸ್ಟೂಲ್ ತರ್ಬೇಕು."

ಮರುದಿನದಿಂದ ಕಾಲೇಜಿನ ಗೇಟು ತೆಗೆಯುವ ಹೊತ್ತಿಗೆ ಇಬ್ಬರೂ ಅಂಗಳದಲ್ಲಿರುತ್ತಿದ್ದರು. ಎಸೆಯುವವಳು ಏಣಿ, ಎಣಿಸುವವಳು ಲ್ಯಾಬಕ್ಕ. ಮೊದಲ ದಿನ ನೂರಕ್ಕೆ ಏಳು. ಉಳಿದ ತೊಂಬತ್ತಮೂರರಲ್ಲಿ ನಾಲ್ಕು ಸಸ್ಯಶಾಸ್ತ್ರದವರ ಕುಂಡಗಳಿಗೆ ಬಿದ್ದವು. ಸಸ್ಯಶಾಸ್ತ್ರದ ಮೇಡಮ್ ಪ್ರಿನ್ಸಿಪಾಲರಿಗೆ ದೂರು ಕೊಟ್ಟರು, ಪ್ರಿನ್ಸಿಪಾಲರು ಆ ದೂರನ್ನು ಎಲ್ಲಿಟ್ಟೆನೆಂದು ಮರೆತರು. ಅದು ಎಲ್ಲಿದೆಯೆಂದು ಲ್ಯಾಬಕ್ಕನಿಗೆ ಗೊತ್ತಿತ್ತು, ಆದರೆ ಈ ಸಲ ನೆನಪಿಸಲಿಲ್ಲ. ಆರು ವಾರದ ಹೊತ್ತಿಗೆ ನೂರಕ್ಕೆ ಮೂವತ್ತೊಂದು.

"ಬರೀ ಮೂವತ್ತೊಂದು," ಎಂದು ಏಣಿ ಮುಖ ಸಪ್ಪಗೆ ಮಾಡಿದಳು.

"ಸಾಕು. ಅವರಿಗೆ ಭಯ ಹುಟ್ಟಿಸೋಕೆ ಅಷ್ಟು ಸಾಕು."

ಅಷ್ಟರಲ್ಲಿ ಸೀಟಿ ಸರ್ ಕನ್ನಡಕವನ್ನು ಶುರುವಿನಿಂದಲೇ ಫಾರ್ವರ್ಡ್ ಆಗಿ ಇಳಿಸುತ್ತಿದ್ದರು. ತಂಡ ಸಾಲಾಗಿ ಗೆದ್ದು ಆ ಕಾಲೇಜಿನ ಇತಿಹಾಸದಲ್ಲೇ ಮೊದಲ ಸಲ ಫೈನಲ್ ತಲುಪಿತು. ಫೈನಲ್ಲಿನ ಮೂರನೆಯ ಕ್ವಾರ್ಟರಿನಲ್ಲಿ ಕನ್ನಡಕದ ಕಾಲು ಉಳುಕಿತು. ಸರ್ ಬೆಂಚಿನತ್ತ ತಿರುಗಿದರು. ಏಣಿಯನ್ನು ನೋಡಿದರು, ಆಮೇಲೆ ಯಾರಿಗೂ ಕಾಣದಂತೆ ಲ್ಯಾಬಕ್ಕನತ್ತ ಒಂದು ಹುಬ್ಬು ಏರಿಸಿದರು. ಲ್ಯಾಬಕ್ಕ ಮೂಲೆಯತ್ತ ಗಲ್ಲ ತೋರಿಸಿದಳು.

ಏಣಿ ಮೂಲೆಗೆ ಹೋಗಿ ನಿಂತಳು. ಐದು ಸಲ ಎಸೆದಳು, ಎರಡು ಬಿದ್ದವು. ಎದುರಾಳಿಯ ಅತಿ ಉದ್ದದ ಹುಡುಗಿ ರಿಂಗ್ ಬಿಟ್ಟು ಅವಳ ಹಿಂದೆ ಹಿಂದೆ ಓಡಾಡಿ ಸುಸ್ತಾದಳು, ಒಳಗೆ ಕಪಾಟು ಹನ್ನೆರಡು ಅಂಕ ಹೊಡೆದಳು. ಗೆದ್ದಿದ್ದರೆ ಹೇಳಲು ಇನ್ನೂ ಚೆನ್ನಾಗಿರುತ್ತಿತ್ತು. ಏನು ಮಾಡುವುದು, ಆರು ಅಂಕದಿಂದ ಸೋತರು. ನೋಡಲು ಬಂದಿದ್ದ ತಂಗಿ ಮಾತ್ರ, ಗೆದ್ದವರ ಮನೆಯವರಿಗಿಂತ ಜೋರಾಗಿ ಕೂಗಿ ದನಿ ಕಳೆದುಕೊಂಡಿದ್ದಳು. ಹತ್ತಿರ ಬಂದು ಅಕ್ಕನ ತೋಳು ಹಿಡಿದುಕೊಂಡಳು. ಫೋನಿನಲ್ಲಿ ಆಡಿದ ಮಾತಿಗೆ ಏನೋ ಹೇಳಬೇಕೆಂದಿದ್ದಳು, ಗಂಟಲಿಂದ ಬರೀ ಗಾಳಿ ಬಂತು.

"ಇರ್ಲಿ ಬಿಡು, ದನಿ ಬಂದ್ಮೇಲೆ ಬೈಯುವಿಯಂತೆ," ಎಂದಳು ಲ್ಯಾಬಕ್ಕ.

ಕಾಲೇಜಿನಲ್ಲಿ ಸನ್ಮಾನ ಸಭೆ ನಡೆಯಿತು. ಸೀಟಿ ಸರ್ ಬೋರ್ಡಿನ ಮೇಲೆ ಚಿತ್ರ ಬರೆದು, ಫಾರ್ವರ್ಡ್ ಎಂದರೆ ಎತ್ತರವಲ್ಲ, ಜಾಗ ಎಂಬುದನ್ನು ತಾವು ಹಲವು ವರ್ಷದ ಅಧ್ಯಯನದಿಂದ ಕಂಡುಕೊಂಡೆವೆಂದು ಮುಕ್ಕಾಲು ಗಂಟೆ ವಿವರಿಸಿದರು.

"ಸರ್, ಕಿಟಕಿ ವಿಷಯಾನೂ ಹೇಳಿ!" ಎಂದು ಹಿಂದಿನ ಸಾಲಿನಿಂದ ಕಪಾಟು ಕೂಗಿದಳು. ಸಭೆ ಗೊಳ್ಳೆಂದಿತು. ಲ್ಯಾಬಕ್ಕ ಮೂರನೆಯ ಸಾಲಿನಲ್ಲಿ ಕೂತು, ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದಳು. ಬೋರ್ಡಿನ ಮೇಲಿನ ಅಂಕಿಗಳು ಸರಿಯಾಗಿದ್ದವು, ಅವಳಿಗೆ ಅಷ್ಟು ಸಾಕಿತ್ತು.

ಮುಂದಿನ ವರ್ಷ ಲೀಗ್ ಶುರುವಾದ ವಾರ, ಸೀಟಿ ಸರ್ ಜೀವಮಾನದಲ್ಲೇ ಮೊದಲ ಬಾರಿಗೆ ರಸಾಯನಶಾಸ್ತ್ರದ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲೊಂದು ಖಾಲಿ ಬಾಟಲಿ.

"ಲ್ಯಾಬಕ್ಕ, ಸ್ವಲ್ಪ ಡಿಸ್ಟಿಲ್ಡ್ ವಾಟರ್ ಸಿಗುತ್ತಾ? ಸ್ಕೂಟರ್ ಬ್ಯಾಟರಿಗೆ."

ಅವಳು ತುಂಬಿಸಿಕೊಟ್ಟಳು. ಸರ್ ಹೋಗಲಿಲ್ಲ. ಬಾಗಿಲ ಚಿಲಕ ನೋಡಿದರು, ಆಸಿಡ್ ಬಾಟಲಿಗಳ ಚೀಟಿ ಓದಿದರು.

"ಹಂಗೇ ಸುಮ್ನೆ ಕೇಳ್ತಿದೀನಿ. ಶನಿವಾರ ಏಣಿ ಜೊತೆಗೆ ಯಾರನ್ನ ಬಿಟ್ರೆ ಹೇಗೆ?"

ಲ್ಯಾಬಕ್ಕ ಡ್ರಾಯರ್ ಎಳೆದು ಹೊಸ ನೋಟ್‌ಬುಕ್ ತೆಗೆದಳು. ಸರ್ ಸ್ಟೂಲಿನ ಮೇಲೆ ಕೂತರು. ಅಲ್ಲಿಂದ ಪ್ರತಿ ಸೋಮವಾರ ಬರತೊಡಗಿದರು, ಪ್ರತಿ ಸೋಮವಾರವೂ ಬ್ಯಾಟರಿಗೆ ನೀರು ಬೇಕಿತ್ತು, ಬಾಟಲಿ ತರುವುದನ್ನು ಮಾತ್ರ ಮರೆತು ಲ್ಯಾಬಿನದನ್ನೇ ಒಯ್ಯುತ್ತಿದ್ದರು. ಎರಡು ತಿಂಗಳಾದ ಮೇಲೆ ಲ್ಯಾಬಕ್ಕನಿಗೆ ಕೇಳದೆ ಇರಲಾಗಲಿಲ್ಲ.

"ಸರ್, ಇಷ್ಟು ನೀರು ಕುಡಿದ್ರೆ ಆ ಸ್ಕೂಟರ್ ಈಜೋಕೆ ಹೋಗಲ್ವಾ?"

ಸರ್ ಕೆಮ್ಮಿದರು. "ಸ್ಕೂಟರ್ ಮಾರಿ ಮೂರು ವರ್ಷ ಆಯ್ತು," ಎಂದರು ಮೆಲ್ಲಗೆ. "ಈಗ ಹೇಳಿ, ಮೂಲೇಲಿ ಯಾರನ್ನ ನಿಲ್ಸೋಣ?"

"ಹೇಳ್ತೀನಿ. ಮೊದಲು ಹೋದ ವಾರದ ಬಾಟ್ಲಿ ವಾಪಸ್ ಕೊಡಿ."